ಅಂಗಾಲಿಗೆ ಚುಚ್ಚಿದ ಎಲೆ

ಹೈಸ್ಕೂಲಿನಲ್ಲಿ ಸರ್ ಎಲೆಯ ಚಿತ್ರ ಬರೆಸಿ ಭಾಗ ಗುರುತಿಸಿ ಅಂದಿದ್ರು. ತೊಟ್ಟು ಕಾಂಡಕ್ಕೆ ಸೇರುವಲ್ಲಿ, ಆಕಡೆ ಒಂದು ಈಕಡೆ ಒಂದು, ಪುಟ್ಟ ಎಲೆಯಂಥವು. ಹೆಸರು ವೃಂತಪತ್ರ, ಇಂಗ್ಲಿಷಿನಲ್ಲಿ ಸ್ಟಿಪ್ಯೂಲ್. ಉದಾಹರಣೆ ಗುಲಾಬಿ, ಬಟಾಣಿ. ನಮ್ಮ ಕೊಂಕಲ್ ಹೊಲದಲ್ಲಿ ಎರಡೂ ಇರಲಿಲ್ಲ. ಬಾಯಿಪಾಠ ಮಾಡಿದೆ, ಮಾರ್ಕ್ಸ್ ಬಂತು, ಮರೆತೂ ಹೋಯ್ತು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಸಂಜೆ ಅಪ್ಪ ಹೊಲದಿಂದ ಬಂದು ಕಟ್ಟೆ ಮೇಲೆ ಕೂತಾಗ ನೋಡ್ತೀನಿ, ಅಂಗಾಲಲ್ಲಿ ಜಾಲಿಮುಳ್ಳು ಮುರಿದು ಕೂತಿದೆ. ಅಪ್ಪನಿಗೆ ಗೊತ್ತೇ ಇಲ್ಲ! ಶುಗರ್ ಬಂದು ವರ್ಷಗಳಾದವು, ಪಾದಕ್ಕೆ ಸ್ಪರ್ಶವೇ ತಿಳಿಯೋದಿಲ್ಲ. ಚಿಕ್ಕವನಿದ್ದಾಗ ನನ್ನ ಕಾಲನ್ನು ತೊಡೆ ಮೇಲಿಟ್ಟುಕೊಂಡು, ಪಿನ್ನಿನಿಂದ ಮುಳ್ಳು ತೆಗೆದು, ಎಕ್ಕೆ ಹಾಲು ಹಚ್ಚುತ್ತಿದ್ದದ್ದು ಇದೇ ಅಪ್ಪ. ಈಗ ಆ ಕಾಲು ನನ್ನ ತೊಡೆ ಮೇಲೆ...

ದವಾಖಾನೆಗೆ ಕರ್ಕೊಂಡು ಹೋಗಿ ತೆಗೆಸಿದೆ. ಮರುದಿನ ಹೊಲದ ಬದುವಿಗೆ ಹೋಗಿ ಆ ಕರಿಜಾಲಿಯನ್ನು ಸಿಟ್ಟಿನಿಂದಲೇ ನೋಡ್ತಾ ನಿಂತೆ. ಬಿಳಿ ಮುಳ್ಳುಗಳು ಜೋಡಿ ಜೋಡಿಯಾಗಿ, ಸರಿಯಾಗಿ ಎಲೆಯ ಬುಡದಲ್ಲಿ, ಆಕಡೆ ಒಂದು ಈಕಡೆ ಒಂದು. ಥಟ್ಟನೆ ಹೊಳೀತು. ಇದೇ ವೃಂತಪತ್ರ! ಕರಿಜಾಲಿಯಲ್ಲಿ ಅದೇ ಮುಳ್ಳಾಗಿ ಗಟ್ಟಿಯಾಗುತ್ತೆ. ಬಾರಿಗಿಡದಲ್ಲೂ ಅಷ್ಟೇ, ಆದರೆ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ತೊಗರಿ ಎಲೆಯ ಬುಡ ನೋಡಿದೆ, ಅಲ್ಲೂ ಸಣ್ಣ ಚೂಪು ಜೋಡಿ. ಆಲದ ಚಿಗುರಿಗೆ ಟೋಪಿಯಂತೆ ಹೊದ್ದಿದ್ದು, ಎಲೆ ಬಿಚ್ಚಿದಾಗ ಉದುರಿ ಉಂಗುರದ ಗುರುತು ಬಿಡುವುದೂ ಅದೇ. ದೂರದ ಮಧ್ಯ ಅಮೆರಿಕದ ಕೆಲವು ಜಾಲಿಗಳಲ್ಲಿ ಈ ಮುಳ್ಳು ಉಬ್ಬಿ ಟೊಳ್ಳಾಗಿ, ಅದರಲ್ಲಿ ಇರುವೆಗಳು ಸಂಸಾರ ಹೂಡಿ ಗಿಡ ಕಾಯುತ್ತವಂತೆ.

"ಏನ್ ನೋಡ್ಲಾಕತ್ತಿ ತಮ್ಮಾ?" ಅಂದ ಅಪ್ಪ.

"ಈ ಮುಳ್ಳು ಎಲಿ ಜಾತಿದು ಅಪ್ಪಾ."

"ಹಂಗಾದ್ರ ಎಲಿ ಚುಚ್ಚಿದ್ದು ನನಗ ಹ್ಯಾಂಗ ಗೊತ್ತಾಗಬೇಕು ಬಿಡು!" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಬಾಲ್ಯವೆಲ್ಲ ಕಾಲಿಗೇ ಚುಚ್ಚುತ್ತಿದ್ದುದನ್ನು ನಾನು ಊರಲ್ಲಿಲ್ಲದ ಗುಲಾಬಿಯಲ್ಲಿ ಕಲಿತಿದ್ದೆ. ಕಲಿತದ್ದೂ ಉಳಿಯಲಿಲ್ಲ, ಈ ಮುಳ್ಳಂತೂ ಇನ್ನು ಮರೆಯೋದಿಲ್ಲ. ಈಗ ದಿನಾ ರಾತ್ರಿ ಅವ್ವನಿಗೆ ಫೋನ್ ಮಾಡಿ ಕೇಳೋದು ಒಂದೇ: "ಅಪ್ಪನ ಅಂಗಾಲು ಬ್ಯಾಟರಿ ಹಾಕಿ ನೋಡಿದ್ಯಾ?"

ನಿಮ್ಮ ಮನೆಯಲ್ಲೂ ಶುಗರ್ ಇರೋ ಹಿರಿಯರಿದ್ದರೆ ಇವತ್ತು ಒಮ್ಮೆ ಅವರ ಪಾದ ನೋಡಿ. ಹಾಗೇ, ಈ ವೃಂತಪತ್ರಕ್ಕೆ ನಿಮ್ಮ ಕಡೆ ಬೇರೆ ಹೆಸರಿದ್ರೆ ತಿಳಿಸಿ.