ಮನೆಯೋ, ವಾಹನವೋ? ಒಂದು ದಂಡದ ಚೀಟಿಯ ವ್ಯವಹಾರ

ಮನೆಯೆಂದರೆ ನಿಂತಿರುವುದು, ಬಂಡಿಯೆಂದರೆ ಚಲಿಸುವುದು. ಈ ಭೇದವು ನಮ್ಮ ವ್ಯವಹಾರದಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಪ್ರಶ್ನಿಸುವ ಪ್ರಸಂಗವೇ ಒದಗುವುದಿಲ್ಲ. ಅಮೆರಿಕದಲ್ಲಿ ಮಾತ್ರ ಈ ಪ್ರಶ್ನೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಮಲಗಲು ಮಂಚ, ಅಡುಗೆಗೆ ಒಲೆ, ಸ್ನಾನಕ್ಕೆ ನೀರು ಎಲ್ಲವನ್ನೂ ಒಡಲಲ್ಲಿರಿಸಿಕೊಂಡು ಹೆದ್ದಾರಿಯಲ್ಲಿ ಓಡುವ ಮೋಟಾರ್ ಹೋಮ್ ಆ ದೇಶದಲ್ಲಿ ಸಾಮಾನ್ಯ ನೋಟ. ಸ್ಯಾನ್ ಡಿಯೇಗೊ ನಗರದಲ್ಲಿ ಕಿಟಕಿಗಳ ಪರದೆ ಮುಚ್ಚಿಕೊಂಡು ನಿಂತಿದ್ದ ಅಂಥದೊಂದನ್ನು ಅಧಿಕಾರಿಗಳು ವಾರಂಟ್ ಇಲ್ಲದೆ ಶೋಧಿಸಿದ್ದರು. ಅದು ಮನೆಯಾದರೆ ವಾರಂಟ್ ಬೇಕು. ವಾಹನವಾದರೆ ಬಲವಾದ ಶಂಕೆಯೊಂದಿದ್ದರೆ ಸಾಕು. 1985ರಲ್ಲಿ 'ಕ್ಯಾಲಿಫೋರ್ನಿಯಾ ವಿರುದ್ಧ ಕಾರ್ನಿ' ಎಂಬ ಆ ಮೊಕದ್ದಮೆಯನ್ನು ತೀರ್ಮಾನಿಸುವಾಗ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಅದು ವಾಹನವೆಂದರು, ಮೂವರು ಭಿನ್ನಮತ ತಳೆದರು. ಅದೇ ಗಾಡಿಯನ್ನು ದಿಮ್ಮಿಗಳ ಮೇಲೇರಿಸಿ ಕದಲದಂತೆ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಹುಮತದವರೂ ತೀರ್ಮಾನಿಸದೆ ಬಿಟ್ಟರು.

ಈ ತೀರ್ಪನ್ನು ನಾನು ಓದಬೇಕಾಗಿ ಬಂದದ್ದು ಮಗಳ ಹೆಸರಿಗೆ ಬಂದ ಒಂದು ದಂಡದ ಚೀಟಿಯಿಂದ. ಮಗಳು, ಅಳಿಯ, ಮೊಮ್ಮಗ ಹಾಗೂ ನಾವಿಬ್ಬರು ಹಿರಿಯರು ಬಾಡಿಗೆಯ ಮೋಟಾರ್ ಹೋಮ್‌ನಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪೂರ್ವದ ಮಗ್ಗುಲಲ್ಲಿ ಪ್ರಯಾಣ ಮಾಡುತ್ತಿದ್ದೆವು. ಎಡಕ್ಕೂ ಬಲಕ್ಕೂ ಬೋಳು ಬಯಲು, ಅದರಾಚೆ ಹಿಮದ ಶಿಖರಗಳು. ಹೆದ್ದಾರಿ ನಡುವೆ ವಿಭಜಿತವಾದ ನಾಲ್ಕು ಸಾಲಿನದು. ಗಂಟೆಗೆ 65 ಮೈಲಿಯ ಮಿತಿ. ಮಗಳು 63ರಲ್ಲಿ ಹೋಗುತ್ತಿದ್ದಳು. ಹಿಂದಿನಿಂದ ಪೊಲೀಸ್ ಕಾರಿನ ದೀಪಗಳು ಮಿನುಗಿದವು. ಅಧಿಕಾರಿ ಸಭ್ಯನಾಗಿದ್ದ. ನಮ್ಮ ಗಾಡಿಯ ಹಿಂಭಾಗದ ಜೋಡಿಚಕ್ರಗಳತ್ತ ಕೈ ತೋರಿ, ಇಂಥ ಗಾಡಿಗೆ ಮಿತಿ 55 ಮಾತ್ರ ಎಂದು ಹೇಳಿ, ಚೀಟಿ ಬರೆದು, ಸಹಿ ಪಡೆದು, ಶುಭ ಪ್ರಯಾಣ ಕೋರಿ ಹೊರಟುಹೋದ. ಆ ಸಹಿ ತಪ್ಪೊಪ್ಪಿಗೆಯಲ್ಲ, ನಿಗದಿತ ದಿನದೊಳಗೆ ನ್ಯಾಯಾಲಯಕ್ಕೆ ಉತ್ತರ ಕೊಡುವೆನೆಂಬ ವಾಗ್ದಾನ ಮಾತ್ರ ಎಂದು ಚೀಟಿಯಲ್ಲಿಯೇ ಮುದ್ರಿತವಾಗಿತ್ತು. ಆ ಸೂಕ್ಷ್ಮ ನನಗೆ ಮೆಚ್ಚುಗೆಯಾಯಿತು.

ರಾತ್ರಿ ಬಿಡಾರದಲ್ಲಿ ಚರ್ಚೆ ನಡೆಯಿತು. "ಮಾವ, ಹಣ ಕಟ್ಟಿ ಮುಗಿಸಿಬಿಡೋಣ. ಇದಕ್ಕೆ ಹೋಗುವ ಹೊತ್ತಿನ ಬೆಲೆ ದಂಡಕ್ಕಿಂತ ಹೆಚ್ಚು" ಎಂದರು ಅಳಿಯ. ಅವರ ಲೆಕ್ಕ ಅವರ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಹಣ ಕಟ್ಟುವುದೆಂದರೆ ಕಾನೂನಿನ ದೃಷ್ಟಿಯಲ್ಲಿ ಅಪರಾಧ ಸಾಬೀತಾದಂತೆ. ಚಾಲಕಿಯ ದಾಖಲೆಗೆ ಒಂದು ಅಂಕ ಸೇರಿ, ಮೂರು ವರ್ಷಗಳಷ್ಟು ಕಾಲ ವಿಮೆಯ ಕಂತನ್ನು ಬಾಧಿಸುತ್ತದೆ. ಸಂಚಾರ ಪಾಠಶಾಲೆಗೆ ಹೋಗಿ ಆ ಅಂಕವನ್ನು ಮರೆಮಾಡಬಹುದು. ಆ ಅನುಕೂಲವೂ 18 ತಿಂಗಳಿಗೆ ಒಮ್ಮೆ ಮಾತ್ರ. ಮಗಳು ರೋಗಿಗಳ ಮನೆಮನೆಗೆ ಕಾರಿನಲ್ಲಿ ಹೋಗಿ ಶುಶ್ರೂಷೆ ಮಾಡುವ ದಾದಿ. ಅವಳಿಗೆ ಕೆಲಸ ಕೊಟ್ಟವರು ವರ್ಷಕ್ಕೊಮ್ಮೆ ಅವಳ ಚಾಲನೆಯ ದಾಖಲೆಯನ್ನು ತರಿಸಿ ನೋಡುತ್ತಾರೆ. "ಅಪ್ಪ, ನಾನು ವೇಗವಾಗಿ ಹೋಗಿದ್ದರೆ ಮಾತಿಲ್ಲದೆ ಕಟ್ಟುತ್ತಿದ್ದೆ. ಹೋಗಿಲ್ಲವಲ್ಲ" ಎಂದಳು. ಅಲ್ಲಿಗೆ ನನ್ನ ಮಟ್ಟಿಗೆ ವಿಷಯ ತೀರ್ಮಾನವಾಗಿತ್ತು.

ಮರುದಿನ ಆ ರಾಜ್ಯದ ವಾಹನ ಸಂಹಿತೆಯನ್ನು ತೆರೆದು ಕುಳಿತೆ. ಹಳೆಯ ಗ್ರಂಥಗಳ ಪಾಠವನ್ನು ಅಕ್ಷರ ಅಕ್ಷರವಾಗಿ ಓದಿ ಅಭ್ಯಾಸವಾದವನಿಗೆ ಕಾನೂನಿನ ಸೂತ್ರಗಳು ಅಷ್ಟೇನೂ ಪರಕೀಯವಲ್ಲ. 55 ಮೈಲಿಯ ಮಿತಿಯನ್ನು ವಿಧಿಸುವುದು 22406ನೆಯ ಸೂತ್ರ. ಮೂರು ಅಥವಾ ಅದಕ್ಕಿಂತ ಹೆಚ್ಚು ಅಚ್ಚುಗಳುಳ್ಳ ಟ್ರಕ್ಕುಗಳು, ಬೇರೊಂದು ವಾಹನವನ್ನು ಎಳೆದೊಯ್ಯುವ ವಾಹನಗಳು, ಮಕ್ಕಳಿರುವ ಶಾಲಾ ಬಸ್ಸುಗಳು, ಸ್ಫೋಟಕ ಸಾಗಿಸುವ ವಾಹನಗಳು ಮೊದಲಾದವು ಅದರ ವ್ಯಾಪ್ತಿಗೆ ಬರುತ್ತವೆ. ನಾವು ಏನನ್ನೂ ಎಳೆಯುತ್ತಿರಲಿಲ್ಲ. ಚೀಟಿಯಲ್ಲಿ ನಮೂದಾಗಿದ್ದುದು ಮೂರು ಅಚ್ಚುಗಳ ಟ್ರಕ್ಕಿನ ಉಪವಿಧಿ. ಮೋಟಾರ್ ಹೋಮ್‌ಗೆ ಅದೇ ಸಂಹಿತೆ ಪ್ರತ್ಯೇಕ ಸಂಜ್ಞೆಯನ್ನೇ ಕೊಟ್ಟಿದೆ: 362ನೆಯ ಸೂತ್ರದಲ್ಲಿ ಅದರ ಹೆಸರು 'ಹೌಸ್ ಕಾರ್'. ಮನುಷ್ಯರ ವಾಸಕ್ಕೆಂದು ರಚಿತವಾದ ಅಥವಾ ಶಾಶ್ವತವಾಗಿ ಮಾರ್ಪಡಿಸಿದ ಮೋಟಾರು ವಾಹನ ಎಂಬುದು ಅದರ ಲಕ್ಷಣ. ಟ್ರಕ್ಕಿನ ಲಕ್ಷಣವೋ 410ನೆಯ ಸೂತ್ರದಲ್ಲಿದೆ: ಮುಖ್ಯವಾಗಿ ಸರಕು ಸಾಗಣೆಗೆಂದು ಇರುವ ವಾಹನ.

ನಮ್ಮ ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಕೊಂಬುಳ್ಳದ್ದೇ ಹಸು ಎಂದರೆ ಎಮ್ಮೆಯೂ ಹಸುವಾಗುತ್ತದೆ, ಅದು ಅತಿವ್ಯಾಪ್ತಿ. ಆರು ಚಕ್ರಗಳನ್ನು ಕಂಡು ಮೂರು ಅಚ್ಚಿನ ಟ್ರಕ್ಕೆಂದು ನಿಶ್ಚಯಿಸುವುದೂ ಅದೇ ಜಾತಿಯ ದೋಷ. ನಮ್ಮ ಗಾಡಿಯ ಹಿಂದಿನ ಅಚ್ಚಿನ ಎರಡು ತುದಿಗಳಲ್ಲೂ ಎರಡೆರಡು ಚಕ್ರಗಳಿದ್ದವು. ಚಕ್ರಗಳು ಆರು, ಅಚ್ಚುಗಳು ಎರಡೇ.

ಇನ್ನು ಉತ್ತರವನ್ನು ಹೇಗೆ ಬರೆಯಬೇಕು? ಇಲ್ಲಿ ನನಗೆ ದಾರಿ ತೋರಿದವನು ವಿಜ್ಞಾನೇಶ್ವರ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ಈ ಪಂಡಿತನು ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ನಾಲ್ಕು ಪಾದಗಳನ್ನು ವಿವರಿಸುತ್ತಾನೆ. ವಾದಿಯ ಆಪಾದನೆ ಭಾಷೆ, ಪ್ರತಿವಾದಿಯ ಮಾತು ಉತ್ತರ, ಪ್ರಮಾಣಗಳನ್ನು ಒದಗಿಸುವುದು ಕ್ರಿಯೆ, ಕೊನೆಯದು ಸಾಧ್ಯಸಿದ್ಧಿ. ಉತ್ತರದಲ್ಲಿ ಮತ್ತೆ ನಾಲ್ಕು ಬಗೆ. ಆಪಾದನೆಯನ್ನು ಒಪ್ಪುವುದು ಸತ್ಯೋತ್ತರ, ಅಲ್ಲಗಳೆಯುವುದು ಮಿಥ್ಯೋತ್ತರ, ಹೇಳಿದ ಸಂಗತಿಯನ್ನು ಒಪ್ಪಿಯೂ ಅದರ ಫಲವನ್ನು ತಡೆಯುವ ಕಾರಣವನ್ನು ಮುಂದಿಡುವುದು ಪ್ರತ್ಯವಸ್ಕಂದನ, ಇದೇ ವಿಷಯ ಹಿಂದೆಯೇ ತೀರ್ಮಾನವಾಗಿದೆ ಎನ್ನುವುದು ಪ್ರಾಙ್ನ್ಯಾಯ. ಮಿಥ್ಯೋತ್ತರದಲ್ಲಿ ಸಾಧಿಸುವ ಹೊಣೆ ವಾದಿಯದು. ಪ್ರತ್ಯವಸ್ಕಂದನದಲ್ಲಾದರೋ ಆ ಹೊಣೆ ಪ್ರತಿವಾದಿಯ ಹೆಗಲಿಗೆ ಬರುತ್ತದೆ.

ಈ ವಿವೇಕ ಒಂಬೈನೂರು ವರ್ಷಗಳ ಅನಂತರ, ಸಾವಿರಾರು ಮೈಲಿಗಳ ಆಚೆ, ನನ್ನ ಮಗಳಿಗೆ ನೇರವಾಗಿ ಉಪಯೋಗಕ್ಕೆ ಬಂತು. ಅವಳ ಪರಿಚಿತರು ಹಲವರು ಮಿಥ್ಯೋತ್ತರದ ಸಲಹೆ ಕೊಟ್ಟಿದ್ದರು: ವೇಗಮಾಪಕ ಸರಿಯಿಲ್ಲವೆನ್ನು, 63 ಎಂಬುದನ್ನೇ ನಿರಾಕರಿಸು, ಹೊಣೆ ಅವರ ಮೇಲೆ ಬೀಳಲಿ. ಆದರೆ 63 ಎಂಬುದು ನಿಜ. ಅಲ್ಲಿಯ ಲಿಖಿತ ಹೇಳಿಕೆಗೆ ಸುಳ್ಳಾಡಿದರೆ ಶಿಕ್ಷೆಗೆ ಗುರಿಯಾಗುವೆನೆಂಬ ಪ್ರತಿಜ್ಞೆಯ ಕೆಳಗೆ ಸಹಿ ಹಾಕಬೇಕು. ನಿಜವಾದುದನ್ನು ಅಲ್ಲಗಳೆದು ಗೆಲ್ಲುವುದಕ್ಕಿಂತ, ನಿಜವನ್ನು ಒಪ್ಪಿ ಕಾರಣವನ್ನು ಸಾಧಿಸುವ ಭಾರವನ್ನು ಹೊರುವುದೇ ಮೇಲೆಂದು ನಾವಿಬ್ಬರೂ ನಿಶ್ಚಯಿಸಿದೆವು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಣ್ಣ ಆಪಾದನೆಗಳಿಗೆ ನ್ಯಾಯಾಲಯಕ್ಕೆ ಖುದ್ದಾಗಿ ಹೋಗದೆ ಲಿಖಿತ ಹೇಳಿಕೆಯ ಮೂಲಕವೇ ವಿಚಾರಣೆ ಕೇಳಬಹುದು. ದೂರದ ಊರಿನಲ್ಲಿ ಚೀಟಿ ಪಡೆದ ಪ್ರಯಾಣಿಕನಿಗೆ ಇದು ದೊಡ್ಡ ಉಪಕಾರ. ದಂಡದಷ್ಟೇ ಹಣವನ್ನು ಮೊದಲು ಠೇವಣಿಯಿಡಬೇಕು. ಗೆದ್ದರೆ ಅದು ಮರಳುತ್ತದೆ. ಸೋತರೆ ಇಪ್ಪತ್ತು ದಿನಗಳೊಳಗೆ ಹೊಸದಾಗಿ, ಖುದ್ದು ಹಾಜರಾತಿಯ ವಿಚಾರಣೆಯನ್ನು ಕೇಳುವ ಹಕ್ಕು ಉಳಿದಿರುತ್ತದೆ. ನಾವು ಒಂದೇ ಪುಟದ ಉತ್ತರ ಬರೆದೆವು. ವೇಗ 63 ಎಂಬುದನ್ನು ಒಪ್ಪಿದೆವು. ವಾಹನಕ್ಕೆ ಎರಡೇ ಅಚ್ಚುಗಳೆಂದೂ, ಅದು ಹೌಸ್ ಕಾರ್ ಆಗಿರುವುದರಿಂದ ಟ್ರಕ್ಕಿನ ಸೂತ್ರಕ್ಕೆ ಒಳಪಡದೆಂದೂ, ಹಿಂದೆ ಏನನ್ನೂ ಎಳೆಯುತ್ತಿರಲಿಲ್ಲವೆಂದೂ ಸೂತ್ರಸಂಖ್ಯೆಗಳೊಂದಿಗೆ ನಿವೇದಿಸಿದೆವು. ನೋಂದಣಿ ಪತ್ರದ ಪ್ರತಿ, ಬಾಡಿಗೆಯ ಕರಾರು, ಜೋಡಿಚಕ್ರಗಳ ಛಾಯಾಚಿತ್ರ ಇವು ಲಿಖಿತ ಪ್ರಮಾಣ. ಸಹಪ್ರಯಾಣಿಕನಾಗಿ ನನ್ನ ಹೇಳಿಕೆಯೇ ಸಾಕ್ಷಿ. ಅಧಿಕಾರಿಯನ್ನು ಕುರಿತು ಒಂದು ಕಟುವಾದ ಮಾತನ್ನೂ ಮಗಳು ಬರೆಯಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

ನಾನು ಊರಿಗೆ ಮರಳಿದ ಮೇಲೆ ಅವಳ ಕರೆ ಬಂತು. ನಿರ್ಣಯದ ಕಾಗದ ಬಂದಿತ್ತು: ನಿರ್ದೋಷಿ, ಠೇವಣಿ ಮರಳಿಸತಕ್ಕದ್ದು. "ಕಾರಣ ಏನು ಬರೆದಿದ್ದಾರಮ್ಮ?" ಎಂದು ಕೇಳಿದೆ. "ಕಾರಣ ಇಲ್ಲ ಅಪ್ಪ. ಚೌಕದಲ್ಲಿ ಒಂದು ಗುರುತು ಹಾಕಿದ್ದಾರೆ, ಅಷ್ಟೇ" ಎಂದಳು.

ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಅಧಿಕಾರಿ ತನ್ನ ಹೇಳಿಕೆಯನ್ನು ಕಳುಹಿಸದಿದ್ದರೂ ಇಂಥ ಮೊಕದ್ದಮೆಗಳು ಬಿದ್ದುಹೋಗುವುದುಂಟು. ಹಾಗಾದರೆ ಗೆದ್ದದ್ದು ನಮ್ಮ ಪ್ರಮಾಣವೋ, ಎದುರು ಪಕ್ಷದ ಮೌನವೋ? ನಮ್ಮ ಧರ್ಮಶಾಸ್ತ್ರಕಾರರು ಗೆದ್ದವನಿಗೆ ಜಯಪತ್ರ ಕೊಡಬೇಕೆನ್ನುತ್ತಾರೆ; ಆಪಾದನೆ, ಉತ್ತರ, ಪ್ರಮಾಣ, ನಿರ್ಣಯ ಇವೆಲ್ಲ ಅದರಲ್ಲಿ ಅಡಕವಾಗಿರಬೇಕು. ಅದರ ಉದ್ದೇಶ ಈಗ ನನಗೆ ಹೆಚ್ಚು ಸ್ಪಷ್ಟವಾಗಿದೆ. ಗೆದ್ದೆನೆಂಬ ಸಂತೋಷ ಒಬ್ಬನದು. ಏಕೆ ಗೆದ್ದನೆಂಬ ತಿಳಿವಳಿಕೆ ಎಲ್ಲರದು. ಕಾರಣವನ್ನು ಬರೆಯದ ತೀರ್ಪು ಮಗಳ ಹಣವನ್ನು ಮರಳಿಸಿತು, ಅವಳ ದಾಖಲೆಯನ್ನು ಶುದ್ಧವಾಗಿರಿಸಿತು. ಅದೇ ಹೆದ್ದಾರಿಯಲ್ಲಿ ನಾಳೆ ಎರಡಚ್ಚಿನ ಮೋಟಾರ್ ಹೋಮ್ ನಡೆಸುವ ಇನ್ನೊಬ್ಬನಿಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಅವನು ಹೊತ್ತಿನ ಬೆಲೆಯನ್ನು ಲೆಕ್ಕ ಹಾಕಿ ಸುಮ್ಮನೆ ಹಣ ಕಟ್ಟಿದರೆ, ಆ ಅತಿವ್ಯಾಪ್ತಿ ಇನ್ನೊಂದು ದಾಖಲೆಯಲ್ಲಿ ನಿಜವೆಂದೇ ಕುಳಿತುಕೊಳ್ಳುತ್ತದೆ. ಆ ಕಾರಣಕ್ಕಾಗಿಯೇ ಸೂತ್ರಸಂಖ್ಯೆಗಳ ಸಹಿತ ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.