ಫೋನು ಬಂದಿದೆ, ಸಾರ್

ಉದ್ಯೋಗ ಖಾತ್ರಿ ಕೆಲಸಕ್ಕೆ ಕೂಲಿ ಸಿಗುವುದು ಅಳತೆಯ ಮೇಲೆ. ಎಂಜಿನಿಯರ್ ಗುಂಡಿಗೆ ಟೇಪು ಹಿಡಿಯುತ್ತಾರೆ, ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಲೆಕ್ಕ ಅಲ್ಲಿಗೆ ಮುಗಿಯಬೇಕು. ಆದರೆ 2021ರಲ್ಲಿ ಎನ್‌ಎಂಎಂಎಸ್ ಎಂಬ ಹಾಜರಿ ಆ್ಯಪ್ ಬಂತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಕಡ್ಡಾಯವಾಯಿತು. ದಿನಕ್ಕೆರಡು ಫೋಟೊ, ಎರಡಕ್ಕೂ ಹೊತ್ತು ಮತ್ತು ಜಾಗದ ಗುರುತು ಬೇಕು. ಬೆಳಗಿನ ತಂಪಿನಲ್ಲೇ ಹೂಳೆತ್ತಿ ಮುಗಿಸಿದವರೂ ಎರಡನೇ ಫೋಟೊಗಾಗಿ ಕೆರೆಯಂಗಳದ ಬಿಸಿಲಿನಲ್ಲಿ ಕೂತಿರಬೇಕು. ತೋಡಿದ ಗುಂಡಿ ಕಣ್ಣೆದುರೇ ಇರುವಾಗ ತೋಡಿದವರನ್ನು ಕೂರಿಸಿಕೊಳ್ಳುವುದು ಏಕೆ?

*

2025ರ ಜುಲೈಯಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರ ಓದುವಂತಿದೆ. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು. ಒಂದೇ ಮುಖ ಬೇರೆ ಬೇರೆ ಹಾಜರಿ ಪಟ್ಟಿಗಳಲ್ಲಿ. ಗಂಡಸರು, ಹೆಂಗಸರ ಲೆಕ್ಕ ತಾಳೆಯಾಗದಿರುವುದು. ನನ್ನನ್ನು ನಿಲ್ಲಿಸಿದ್ದು ಇನ್ನೊಂದು: ಫೋಟೊದ ಫೋಟೊ. ಹಳೆಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಕ್ಲಿಕ್ಕಿಸುವುದು. ಅದನ್ನು ಕೆಲಸದ ಜಾಗಕ್ಕೇ ಹೋಗಿ ಕ್ಲಿಕ್ಕಿಸಿದರೆ ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ ಎಲ್ಲವೂ ಸರಿ. ಕೂಲಿಯಾಳು ಮಾತ್ರ ಇಲ್ಲ.

ಪರಿಹಾರ? ಅಪ್‌ಲೋಡ್ ಆದ ಪ್ರತಿ ಫೋಟೊವನ್ನೂ ಗ್ರಾಮ ಪಂಚಾಯಿತಿಯವರು ನೋಡಿ ಪರಿಶೀಲಿಸಬೇಕಂತೆ. ಮನುಷ್ಯರ ಕಣ್ಣನ್ನು ನಂಬದೆ ಆ್ಯಪ್ ತಂದರು, ಈಗ ಆ್ಯಪನ್ನು ಕಾಯಲು ಅದೇ ಕಣ್ಣು.

*

ಬೆಂಗಳೂರಿನ ಕಚೇರಿಗಳದ್ದು ಬೇರೆ ವೇಷ. ಕಟ್ಟಡದ ಸುತ್ತ ನಕ್ಷೆಯ ಮೇಲೊಂದು ವೃತ್ತ, ಅದರೊಳಗೆ ಫೋನು ಬಂದರೆ ಹಾಜರಿ. ಗೇಟಿನಾಚೆಯ ಟೀ ಅಂಗಡಿಯೂ ವೃತ್ತದೊಳಗೇ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ನಿಖರ. ಕಾಂಕ್ರೀಟಿನೊಳಗೆ ಉಪಗ್ರಹದ ಸಿಗ್ನಲ್ ಕ್ಷೀಣಿಸುತ್ತದೆ; ಆಗ ಫೋನು ವೈಫೈ, ಟವರ್ ನೋಡಿ ಅಂದಾಜು ಮಾಡುತ್ತದೆ. ಹೀಗಾಗಿ ನೆಲಮಾಳಿಗೆಯಲ್ಲಿ ದುಡಿಯುವವನು ಗೈರುಹಾಜರಾಗಬಹುದು, ಟೀ ಕುಡಿಯುವವನು ಹಾಜರಾಗಬಹುದು. ಸುಳ್ಳು ಲೊಕೇಶನ್ ಕೊಡುವ ಆ್ಯಪುಗಳಂತೂ ಪುಕ್ಕಟೆ.

*

ಹಾಜರಿ ಆ್ಯಪ್ ಕೇಳುವ ಲೊಕೇಶನ್ ಅನುಮತಿಯ ಬಗ್ಗೆ ಔಷಧ ಕಂಪನಿಯೊಂದರ ರೆಪ್ ಹೇಳಿದ್ದು: "'ಯಾವಾಗಲೂ' ಅಂತ ಒತ್ತದಿದ್ರೆ ಪಂಚೇ ಆಗಲ್ಲ ಸಾರ್." ಆ್ಯಪ್ ಬಳಸುವಾಗ ಮಾತ್ರ ಎನ್ನುವ ಆಯ್ಕೆ ಅವರಿಗಿಲ್ಲ. ಫೋನು ಅವರದೇ, ಡೇಟಾ ಪ್ಯಾಕೂ ಅವರದೇ. ಫ್ರಾನ್ಸಿನ ಖಾಸಗಿತನದ ಕಾವಲು ಸಂಸ್ಥೆ ಕ್ನಿಲ್ ಈ ವಿಷಯದಲ್ಲಿ ಖಡಕ್: ಕೆಲಸದ ಹೊತ್ತು ಅಳೆಯಲು ಬೇರೆ ದಾರಿ ಇದ್ದರೆ ಲೊಕೇಶನ್ ಬಳಸುವಂತಿಲ್ಲ, ಡ್ಯೂಟಿ ಮುಗಿದ ಮೇಲೆ ನೌಕರ ಅದನ್ನು ಆರಿಸುವಂತಿರಬೇಕು.

*

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅದೇ ಹುರುಪಿನಲ್ಲಿ ತೆರೆದೆ. 7ನೇ ಸೆಕ್ಷನ್ನಿನಲ್ಲಿ ಎಡವಿದೆ: ಉದ್ಯೋಗದ ಉದ್ದೇಶಕ್ಕಾದರೆ ಒಪ್ಪಿಗೆ ಬೇಡ. ಇದೇನೋ ಇರಲಿ, ಸಂಬಳ ಕೊಡುವವರಿಗೆ ನನ್ನ ಬ್ಯಾಂಕ್ ಖಾತೆ ಬೇಕೇ ಬೇಕು. ಮುಂದೆ 11ನೇ ಸೆಕ್ಷನ್: ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕು. ಅದಿರುವುದು ಒಪ್ಪಿಗೆ ಕೊಟ್ಟವರಿಗೆ. ಯಾರ ಒಪ್ಪಿಗೆಯನ್ನೇ ಕೇಳಿಲ್ಲವೋ ಅವರಿಗೆ ಈ ಹಕ್ಕೂ ಇಲ್ಲ! ಎರಡು ಸಲ ಓದಿದರೂ ಅರ್ಥ ಅಷ್ಟೇ. ದತ್ತಾಂಶವನ್ನು ಜೋಪಾನವಾಗಿಡುವ, ಕೆಲಸ ಮುಗಿದ ಮೇಲೆ ಅಳಿಸುವ ಹೊಣೆ ಮಾಲೀಕನ ಮೇಲೇನೋ ಇದೆ. ಅಳಿಸಿದರೋ ಇಲ್ಲವೋ ನೋಡುವುದು ಹೇಗೆ?

*

2025ರ ನವೆಂಬರಿನ ಅಧಿಸೂಚನೆ ಈ ಸೆಕ್ಷನ್ನುಗಳ ಜಾರಿಗೆ 18 ತಿಂಗಳ ಅವಧಿ ಕೊಟ್ಟಿದೆ. ಅಲ್ಲಿಯವರೆಗಿನ ಕತೆ ತಿಳಿಯಲೆಂದು ಎಚ್‌ಆರ್‌ನಲ್ಲಿರುವ ಗೆಳೆಯನನ್ನು ಕೇಳಿದೆ, ನಿಮ್ಮವರ ಭಾನುವಾರದ ಲೊಕೇಶನ್ ಎಲ್ಲಿ ಉಳಿಯುತ್ತದೆ ಎಂದು. ಯೋಚಿಸಿ, "ವೆಂಡರ್ ಹತ್ರ ಇರ್ಬೇಕು ಕಣೋ" ಎಂದ.