ಆರು ಗಂಟೆಯ ನೆಂಟ

ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ, ಸಾಗರದ ಕಡೆಯ ನಮ್ಮ ಮನೆಗೆ ಒಬ್ಬ ನೆಂಟ ಬರುತ್ತಿದ್ದ. ಇನ್ನೂ ಬೆಳಕು ಹರಿಯುತ್ತಿರುವಾಗ ಹಿತ್ತಿಲ ಹಲಸಿನ ಮರದ ಬುಡದಿಂದ ಎರಡೇ ಎರಡು ಸ್ವರದ ಸಿಳ್ಳು. “ಬಂತು ನೋಡು ನವರಂಗ,” ಎಂದು ಅಜ್ಜಿ ಒಲೆಯ ಮುಂದೆ ಕೂತಲ್ಲಿಂದಲೇ ಹೇಳುತ್ತಿದ್ದಳು. ಬೆಳಗಿಗೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ಕೂಗಿದರೆ ಹೆಚ್ಚುಕಡಿಮೆ ಅದರ ಮಾತು ಮುಗಿಯಿತು. ತಮಿಳರು ಅದನ್ನು ‘ಆರು ಮಣಿ ಕುರುವಿ’ ಅನ್ನುವುದು ಸುಮ್ಮನಲ್ಲ. ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ನಾವು ಮರೆತರೂ ಹಕ್ಕಿ ಮರೆಯುತ್ತಿರಲಿಲ್ಲ.

ಕಣ್ಣಿಗೆ ಬೀಳಬೇಕೆಂದರೆ ಮಾತ್ರ ಉಸಿರು ಬಿಗಿಹಿಡಿದು ಕೂರಬೇಕು. ಗೊರವಂಕಕ್ಕಿಂತ ಚಿಕ್ಕದು, ಬಾಲವೋ ಕತ್ತರಿಸಿಟ್ಟಂತೆ ಮೋಟು. ಹಸಿರು ಬೆನ್ನು, ರೆಕ್ಕೆಯಲ್ಲೊಂದು ಹೊಳೆಯುವ ನೀಲಿ ತೇಪೆ, ಕಾಡಿಗೆ ಎಳೆದ ಕಣ್ಣು, ಬಿಳಿ ಗಂಟಲು, ಹಾಲು ಹೆಚ್ಚಾದ ಚಹಾದಂಥ ಎದೆ, ಬಾಲದಡಿಗೆ ಕುಂಕುಮ. ಇಷ್ಟೆಲ್ಲ ಬಣ್ಣ ಹೊತ್ತೂ ಒಣ ಎಲೆಯ ದರಕಿನೊಳಗೆ ಕಾಲಿಟ್ಟಿತೋ, ಮಾಯ! ಸರಪರ ಸದ್ದಷ್ಟೇ. ಒಂದೊಂದೇ ಎಲೆ ಮಗುಚಿ, ಹುಳ ಹೆಕ್ಕಿ, ಕುಪ್ಪಳಿಸಿ ಮುಂದಕ್ಕೆ.

ಮಳೆಗಾಲದಲ್ಲಿ ಅದು ಎಲ್ಲಿರುತ್ತದೆ ಎಂದರೆ “ಘಟ್ಟದ ಕೆಳಗೆ ಹೋಗಿರ್ತದೆ” ಎನ್ನುತ್ತಿದ್ದಳು ಅಜ್ಜಿ. ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕಿಳಿದು ಶ್ರೀಲಂಕೆಯವರೆಗೂ ಹೋಗುತ್ತದೆಂದು ನನಗೆ ಗೊತ್ತಾಗುವಾಗ ಅವಳಿರಲಿಲ್ಲ.

ಆಗ ದರಕು ಗುಡಿಸಿದರೂ ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ ತೋಟಕ್ಕೇ ಮರಳುತ್ತಿತ್ತು. ಮರದ ಬುಡದಲ್ಲಿ ಉಳಿದದ್ದು ಹಕ್ಕಿಯ ಪಾಲು. ಈಗ ಕೊಟ್ಟಿಗೆಯಲ್ಲಿ ಕಾರು ನಿಂತಿದೆ. ಹಿತ್ತಿಲಿಗೆ ಇಂಟರ್‌ಲಾಕ್ ಕಲ್ಲು ಹಾಸಿದ್ದೇವೆ. ಕೆಸರಿಲ್ಲ, ಇಂಬಳವಿಲ್ಲ, ಅಮ್ಮ ಜಾರಿ ಬೀಳುವ ಭಯವಿಲ್ಲ. ಬೇಡವಿತ್ತು ಎನ್ನಲು ನನಗೆ ಬಾಯಿಲ್ಲ, ಹಾಕಿಸಿದವನು ನಾನೇ. ಹಿತ್ತಿಲ ಕಡೆಯ ದೊಡ್ಡ ಗಾಜಿನ ಕಿಟಕಿಯೂ ನನ್ನದೇ ಆಸೆ.

ಎರಡು ವರ್ಷದ ಹಿಂದೆ ಆ ಕಿಟಕಿಯ ಕೆಳಗೆ ನವರಂಗ ಬಿದ್ದಿತ್ತು. ಗಾಜಿನಲ್ಲಿ ಹಲಸಿನ ಮರವೇ ಕಂಡಿರಬೇಕು ಪಾಪಕ್ಕೆ. ಅಂಗೈಗೆ ಎತ್ತಿಕೊಂಡರೆ ತೂಕವೇ ಇಲ್ಲ, ಎದೆಬಡಿತ ಮಾತ್ರ. ಬಾಲ್ಯವಿಡೀ ಕದ್ದು ಕದ್ದು ನೋಡಿದ ಬಣ್ಣವೆಲ್ಲ ಕೈಯಲ್ಲೇ ಇತ್ತು, ನೋಡಲು ಮನಸ್ಸಾಗಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲು ಮಾಡಿದೆವು.

ಮಧ್ಯಾಹ್ನ ತೆರೆದಾಗ ಪುರ್ರನೆ ಹಾರಿ ಹಲಸಿನ ಬುಡಕ್ಕೇ ಇಳಿಯಿತು. ಆ ಕಲ್ಲಿನ ಮೇಲೆ ನಾಲ್ಕು ಸಲ ಕುಪ್ಪಳಿಸಿತು. ಮಗುಚಲು ಒಂದೆಲೆಯಿಲ್ಲ. ಬೆಳಿಗ್ಗೆಯಷ್ಟೇ ಗುಡಿಸಿದ್ದೆವು.

ಅಂದು ಸಂಜೆ ಆರರ ಸಿಳ್ಳು ಕೇಳಿತು, ಬೇಲಿಯಾಚೆ, ಪಕ್ಕದವರ ತೋಟದಿಂದ.